ಕಲ್ಲು ಹೆತ್ತವಳಿಗೆ ಒಂದು ಅರಿಕೆ

ಭೂಮಿತಾಯೇ, ಇವತ್ತು ಕಡೆಯ ಕೆಡ್ಡಸ. ಪೊನ್ನಿ ತಿಂಗಳು ಮುಗಿಯುವ ಹೊತ್ತಿನ ಈ ಮೂರು ದಿನ ನೀನು ಮುಟ್ಟಾಗಿರುತ್ತೀ ಎಂದು ತುಳುನಾಡಿನ ನಮ್ಮ ಹಿರಿಯರು ನಂಬಿದರು. ನೇಗಿಲು ಹೂಡಲಿಲ್ಲ, ಹಾರೆ ಎತ್ತಲಿಲ್ಲ, ಹಸಿ ಗಿಡಕ್ಕೆ ಕತ್ತಿ ಮುಟ್ಟಿಸಲಿಲ್ಲ. ಕಡೆಯ ದಿನ ಹೆಂಗಸರು ಅಂಗಳ ಸಾರಿಸಿ, ನಿನಗೆ ಎಣ್ಣೆ ಎರೆದು, ಹುರಿದ ಧಾನ್ಯಕ್ಕೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ನನ್ನೆರಿಯನ್ನು ಎಲೆಯಲ್ಲಿ ಬಡಿಸಿ ಕೈಮುಗಿದರು. ಆ ಎಣ್ಣೆಯ ಜೊತೆಗೆ ನನ್ನದೂ ಒಂದು ಅರಿಕೆ ಇದೆ, ಕೇಳಿಕೋ. ಬೆಳೆ, ಮಳೆ, ದನಕರು, ಮಕ್ಕಳುಮರಿ ಎಲ್ಲವನ್ನೂ ನಿನ್ನಲ್ಲಿ ಬೇಡಿಕೊಂಡವರಿದ್ದಾರೆ. ನಾನು ಕಲ್ಲಿನ ವಿಷಯ ಹೇಳಲು ಬಂದಿದ್ದೇನೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಹಳೆಯ ಮನೆಗಳಲ್ಲಿ ಗೋಡೆಗೆ ಮುರಕಲ್ಲು, ಮೆಟ್ಟಿಲಿಗೆ ಶಿಲೆಕಲ್ಲು. ಊರ ದೇವಸ್ಥಾನದ ಗರ್ಭಗುಡಿಯಲ್ಲಿ ಕಪ್ಪು ಕಲ್ಲಿನ ಮೂರ್ತಿ. ಹೊಳೆಯ ಬದಿಯಲ್ಲಿ ಮರಳು, ಅದೂ ಕಲ್ಲೇ. ಇಷ್ಟನ್ನೂ ದಿನಾ ತುಳಿದು, ಒರಗಿ, ಮುಟ್ಟಿ ಬದುಕುವ ನಾವು, ಯಾವುದು ನಿನ್ನ ಎಷ್ಟು ಆಳದಿಂದ ಬಂತು, ಎಷ್ಟು ಕಾಲ ತೆಗೆದುಕೊಂಡು ಬಂತು ಎಂದು ವಿಚಾರಿಸುವುದು ಕಡಿಮೆ. ತಿಳಿದಷ್ಟನ್ನು ನಿನ್ನ ಎದುರಿಗೇ ಒಪ್ಪಿಸುತ್ತೇನೆ.

ನಿನ್ನೊಳಗೆ ಒಂದು ಕಿಲೋಮೀಟರು ಇಳಿದರೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರುತ್ತದೆ. ಹೀಗೆ ಏರುತ್ತ ಏರುತ್ತ 650, 700 ಡಿಗ್ರಿ ಮುಟ್ಟಿದಲ್ಲಿ, ಅಲ್ಲಿ ಕೊಂಚ ನೀರಿನಂಶವೂ ಇದ್ದರೆ, ಕಲ್ಲು ಕರಗಲು ತೊಡಗುತ್ತದೆ. ಒಮ್ಮೆಲೇ ಇಡಿಯಾಗಿ ಕರಗುವುದಿಲ್ಲ. ಬೇಗ ಸೋಲುವ ಅಂಶ ಮೊದಲು ಬೇರೆಯಾಗಿ ಶಿಲಾಪಾಕವಾಗುತ್ತದೆ. ಸುತ್ತಲಿನ ಗಟ್ಟಿ ಕಲ್ಲಿಗಿಂತ ಹಗುರವಾದ್ದರಿಂದ ಅದು ಮೇಲಕ್ಕೆ ದಾರಿ ಹುಡುಕುತ್ತದೆ. ಬೆಳಕು ಕಾಣುವ ಮೊದಲೇ, ಇನ್ನೂ ಹಲವು ಕಿಲೋಮೀಟರು ಆಳವಿರುವಾಗಲೇ, ಅದರ ಏರಾಟ ನಿಲ್ಲುತ್ತದೆ. ಅಲ್ಲಿ ಬಿಸಿ ಹೊರಹೋಗಲು ದಾರಿಯಿಲ್ಲ. ಸಾವಿರಾರು, ಲಕ್ಷಾಂತರ ವರ್ಷ ಹಿಡಿದು ಆರುತ್ತದೆ. ಕಲ್ಲುಸಕ್ಕರೆಯ ಪಾಕವನ್ನು ಅಲುಗಾಡಿಸದೆ ಬಿಟ್ಟಷ್ಟೂ ಹರಳು ದೊಡ್ಡದಾಗುವ ಹಾಗೆ, ಆ ನಿಧಾನದಲ್ಲಿ ಒಂದೊಂದು ಖನಿಜವೂ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತದೆ. ನಾವು ಶಿಲೆಕಲ್ಲು ಎನ್ನುವ ಗ್ರಾನೈಟ್ ಹುಟ್ಟುವುದು ಹೀಗೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದಾಗ ನಾನು ಕೆತ್ತನೆ ನೋಡುವುದಕ್ಕಿಂತ ಮೊದಲು ಕಂಬದ ಒಂದು ಬರಿಯ ಮಗ್ಗುಲನ್ನು ನೋಡುತ್ತೇನೆ. 1430ರಲ್ಲಿ ಕಟ್ಟಿದ ಬಸದಿ ಅದು. ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಕೈ ತಾಗಿ ತಾಗಿ ನುಣುಪಾದ ಜಾಗಕ್ಕೆ ಮುಖ ತಂದರೆ ಕಲ್ಲಿನ ಒಳಗು ಕಾಣುತ್ತದೆ. ಬಿಳಿ, ಕೆಲವೆಡೆ ನಸುಗೆಂಪು, ಚಪ್ಪಟೆ ಮುಖದ ಹರಳು ಫೆಲ್ಡ್‌ಸ್ಪಾರ್. ನಡುನಡುವೆ ಮಿರುಗುವ ಕರಿ ಚುಕ್ಕೆ ಅಭ್ರಕ, ನಾವು ಕಾಗೆಬಂಗಾರ ಎನ್ನುವುದು. ಇವೆರಡರ ಸಂದಿನಲ್ಲಿ, ತನ್ನದೇ ಆಕಾರವಿಲ್ಲದೆ, ಉಳಿದ ಜಾಗದಲ್ಲಿ ತುಂಬಿಕೊಂಡ ಬೂದು ಗಾಜಿನಂಥದ್ದು ಬೆಣಚುಕಲ್ಲು. ಕೊನೆಗೆ ಗಟ್ಟಿಯಾದವನಿಗೆ ಆಕಾರ ತಾಳಲು ಜಾಗ ಸಿಕ್ಕಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿಯನ್ನು ಅಂಗೈಯಗಲದಲ್ಲಿ ಓದಬಹುದು. ಧವಲ, ಜಯಧವಲ, ಮಹಾಧವಲಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಅದು. ಆ ಊರಿನ ಕಂಬಗಳಲ್ಲಿ ಗರಿಗಳಿಗಿಂತ ಬಹಳ ಹಿಂದಿನ ಬರವಣಿಗೆ ಇದೆ. ಅದು ನಿನ್ನ ಕೈಬರಹ ತಾಯೇ, ಅದನ್ನು ಓದಲು ಕಲಿಸು.

ಅಷ್ಟು ಆಳದಲ್ಲಿ ಹುಟ್ಟಿದ್ದು ಮೇಲೆ ಬಂದದ್ದಾದರೂ ಹೇಗೆ? ಅದರ ತಲೆಯ ಮೇಲಿದ್ದ ಕಿಲೋಮೀಟರುಗಟ್ಟಲೆ ದಪ್ಪದ ಬೆಟ್ಟಗಳನ್ನು ಮಳೆ, ಬಿಸಿಲು, ಹೊಳೆ ಸವೆಸಿ ಹೊತ್ತುಕೊಂಡು ಹೋದ ಮೇಲೆ. ಬೆಳ್ತಂಗಡಿಯಿಂದ ಕಾಣುವ ಗಡಾಯಿಕಲ್ಲು ಹೀಗೆ ಹೊರಬಿದ್ದದ್ದು. 1794ರಲ್ಲಿ ಟಿಪ್ಪು ಅದರ ನೆತ್ತಿಯಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ; ಐದೇ ವರ್ಷಕ್ಕೆ ಅದು ಇಂಗ್ಲಿಷರ ವಶವಾಯಿತು. ನರಸಿಂಹಗಡ ಎಂದೂ ಕರೆಯುತ್ತೇವೆ. ಹತ್ತಿರ ಹೋದರೆ ಬಂಡೆಯ ಮೈಯಲ್ಲಿ ಬಾಗಿದ ಪದರಗಳು ಏಳುತ್ತಿರುವುದು ಕಾಣುತ್ತದೆ. ಮೇಲಿನ ಭಾರ ಇಳಿದಾಗ ಅದುಮಿಟ್ಟ ಕಲ್ಲು ಹಿಗ್ಗಿ, ತನ್ನ ಮೈಗೆ ಸಮನಾಗಿ ಬಿರುಕು ಬಿಟ್ಟುಕೊಳ್ಳುತ್ತದೆ. ಕಲ್ಲು ಒಡೆಯುವವರು ಈ ಪದರದ ಹಾದಿ ಹಿಡಿದೇ ಚಪ್ಪಡಿ ಎಬ್ಬಿಸುತ್ತಾರೆ. ಮೂಡುಬಿದಿರೆಯ ಬಸದಿಗಳಿಗೆ ಹಂಚಿನ ಹಾಗೆ ಇಳಿಜಾರಾಗಿ ಹೊದಿಸಿದ ಕಲ್ಲಿನ ಮಾಡು ಸಾಧ್ಯವಾದದ್ದು ಕಲ್ಲಿನ ಈ ಗುಣ ಬಲ್ಲ ಕೈಗಳಿಂದ.

ಬೇಗ ಆರಿದ ಕಲ್ಲೂ ನಿನ್ನಲ್ಲಿದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಸಾಲಾಗಿ ನಿಂತ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬಿಟ್ಟು ದೂರ ಸರಿಯುವ ಕಾಲದಲ್ಲಿ ಉಕ್ಕಿದ ಲಾವಾರಸ. ಗಾಳಿಗೆ ಬಿದ್ದು ಆರುವಾಗ ಕುಗ್ಗಿ, ಐದಾರು ಮೂಲೆಗಳ ಕಂಬಗಳಾಗಿ ಸೀಳಿತು. ಶಿಲಾಪಾಕ ಹೊರಬರದೆ ಹಳೆಯ ಬಂಡೆಯ ಬಿರುಕಿನಲ್ಲೇ ಹೆಪ್ಪುಗಟ್ಟಿದ್ದೂ ಉಂಟು. ದಕ್ಷಿಣ ಕನ್ನಡದ ಶಿಲೆಕಲ್ಲಿನ ನಡುವೆ ಗೋಡೆ ನಿಲ್ಲಿಸಿದ ಹಾಗೆ ನೇರವಾಗಿ ಹಾದುಹೋಗುವ ಕರಿಕಲ್ಲಿನ ಪಟ್ಟಿಗಳು ಅವು. ಹರಳು ಎಷ್ಟು ಸಣ್ಣದೆಂದರೆ ಬರಿಗಣ್ಣಿಗೆ ಕಲ್ಲು ಇಡೀ ಒಂದೇ ಬಣ್ಣ. ಉಳಿಗೆ ನಯವಾಗಿ ಒದಗುವ ಕಪ್ಪು ಕಲ್ಲಿಗೆ ಮೂಡುಬಿದಿರೆ ಬಳಿಯ ನೆಲ್ಲಿಕಾರು ಹೆಸರಾಗಿದೆ. ಆದರೆ ಕಪ್ಪಗಿದ್ದ ಮಾತ್ರಕ್ಕೆ ಎಲ್ಲ ಕಲ್ಲಿನ ಹುಟ್ಟೂ ಒಂದೇ ಅಲ್ಲ, ಅದನ್ನು ಮರೆಯುವುದಿಲ್ಲ.

ಇನ್ನು ಎಲ್ಲಕ್ಕಿಂತ ಕೆಳಗೆ ಚಾಚಿ ಮಲಗಿರುವ ಹಿರಿಯ ಕಲ್ಲು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ರಸ್ತೆಗಾಗಿ ಬಂಡೆ ಕಡಿದಲ್ಲಿ ಬಸ್ಸಿನ ಕಿಟಕಿಯಿಂದಲೇ ಕಾಣಬಹುದು: ಬಿಳಿ ಪಟ್ಟೆ, ಕರಿ ಪಟ್ಟೆ, ಮತ್ತೆ ಬಿಳಿ, ಕೆಲವೆಡೆ ಸುರುಳಿ ಸುತ್ತಿಕೊಂಡಂತೆ. ಇದನ್ನು ನೈಸ್ ಎನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿಸಿಕೊಂಡ ಬಂಡೆ ಇದೇ ಕುಲದ್ದು. ಸುಮಾರು 300 ಕೋಟಿ ವರ್ಷದ ಕಲ್ಲು. ಹುಟ್ಟಿದಾಗ ಅದಕ್ಕೆ ಈ ಪಟ್ಟೆಗಳಿರಲಿಲ್ಲ. ಮತ್ತೆ ಆಳಕ್ಕೆ ಇಳಿದು, ಬಿಸಿಗೂ ಒತ್ತಡಕ್ಕೂ ಸಿಕ್ಕಿ, ಕರಗದೆ ಗಟ್ಟಿಯಾಗಿ ಇರುವಾಗಲೇ ಅದರ ಖನಿಜಗಳು ಸಾಲು ಬದಲಿಸಿದವು. ಹಳೆಯ ಹರಳು ಅಳಿದು ಹೊಸದು ಕೂತಿತು. ಅಭ್ರಕದ ಹಾಳೆಗಳೆಲ್ಲ ಒತ್ತಡಕ್ಕೆ ಅಡ್ಡಲಾಗಿ ಒಂದೇ ದಿಕ್ಕಿಗೆ ತಿರುಗಿದವು. ರೂಪಾಂತರ ಶಿಲೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಗಟ್ಟಿಯಾಗಿದ್ದುಕೊಂಡೇ ಬದಲಾಗಬಹುದು ಎಂಬುದನ್ನು ಮಾತ್ರ ಯಾವ ಮೇಷ್ಟರೂ ಒತ್ತಿ ಹೇಳಲಿಲ್ಲ. ನನಗೆ ಆ ಕಲ್ಲಿನ ಬಗ್ಗೆ ಇರುವ ಭಕ್ತಿಯೆಲ್ಲ ಅದಕ್ಕಾಗಿಯೇ.

ಬೆಳ್ತಂಗಡಿಯ ಮೂಡುದಿಕ್ಕಿಗೆ ಮೋಡ ಹೊದ್ದು ನಿಂತ ಕುದುರೆಮುಖದ ಸಾಲಿನ ಕತೆ ಬೇರೆ. ಅಲ್ಲಿನ ಕಬ್ಬಿಣದ ಕಲ್ಲು ಮೊದಲು ಸಮುದ್ರದ ಅಡಿಯಲ್ಲಿತ್ತು. ಗಾಳಿಯಲ್ಲಿ ಆಮ್ಲಜನಕ ತೀರಾ ಕಡಿಮೆಯಿದ್ದ ಕಾಲದಲ್ಲಿ ಕಬ್ಬಿಣ ಸಮುದ್ರದ ನೀರಿನಲ್ಲಿ ಕರಗಿಕೊಂಡಿತ್ತು. ಅದು ತುಕ್ಕಾಗಿ, ಸಿಲಿಕಾದ ಜೊತೆ ಸರದಿ ಪ್ರಕಾರ ತಳಕ್ಕೆ ಇಳಿಯಿತು. ಕಣ್ಣಿಗೆ ಕಾಣದ ಜೀವಿಗಳ ಪಾಲೂ ಅದರಲ್ಲಿದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಆ ಕೆಸರು ಪದರು ಶಿಲೆಯಾಗಿ, ಮತ್ತೆ ಬೆಂದು, ಮ್ಯಾಗ್ನೆಟೈಟ್ ಮತ್ತು ಬೆಣಚಿನ ಪಟ್ಟೆಗಲ್ಲಾಯಿತು. 1976ರಲ್ಲಿ ಸ್ಥಾಪನೆಯಾದ ಕಂಪನಿ ಅದನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಿಂತದ್ದಕ್ಕೆ ನಿನ್ನ ಎದುರು ಮತ್ತೊಮ್ಮೆ ಕೈಮುಗಿಯುತ್ತೇನೆ. ನೇತ್ರಾವತಿ ಹುಟ್ಟುವುದು ಆ ಬೆಟ್ಟಗಳಲ್ಲೇ, ನಮ್ಮ ಬಾವಿಯ ಭಾಗ್ಯ ಇರುವುದೂ ಅಲ್ಲೇ.

ಈಗ ಮುರಕಲ್ಲಿಗೆ ಬರುತ್ತೇನೆ. ಅರಿಕೆಯ ಮುಖ್ಯ ಭಾಗ ಇದೇ, ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಇದು ಬೆಂಕಿಯಲ್ಲಿ ಹುಟ್ಟಿದ್ದಲ್ಲ, ಆಳದ ಒತ್ತಡದಲ್ಲಿ ಬದಲಾದದ್ದೂ ಅಲ್ಲ. ನಮ್ಮ ಮಳೆಯೇ ಮಾಡಿದ ಕಲ್ಲು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಸುರಿಯುವ ಮಳೆ, ಆಮೇಲೆ ಆರು ತಿಂಗಳ ಬಿಸಿಲು, ಮತ್ತೆ ಮಳೆ. ಹಳೆಯ ನೈಸ್ ಬಂಡೆಯ ಫೆಲ್ಡ್‌ಸ್ಪಾರ್ ಮೊದಲು ಸೋಲುತ್ತದೆ. ಸುಣ್ಣ, ಸೋಡಿಯಂ, ಪೊಟ್ಯಾಸಿಯಂ, ಸಿಲಿಕಾದ ಬಹುಪಾಲು ನೀರಿನೊಂದಿಗೆ ಹೋಗಿಬಿಡುತ್ತದೆ. ಹೋಗಲು ಒಪ್ಪದೆ ಉಳಿಯುವವು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಳೆಗಾಲದಲ್ಲಿ ಏರುವ ನೀರು, ಬೇಸಗೆಯಲ್ಲಿ ಇಳಿಯುವ ನೀರು ಅವನ್ನು ಅಲ್ಲಲ್ಲಿ ಸೇರಿಸಿ, ತುಕ್ಕಿನ ಬಲೆ ಹೆಣೆಯುತ್ತ ಬರುತ್ತದೆ. ಲಕ್ಷಾಂತರ ವರ್ಷ ಹೀಗೆ ಮಳೆಗಾಲ ಬಂದು ಹೋದ ಮೇಲೆ ನಮಗೊಂದು ಪದವು, ಮುರಕಲ್ಲಿನ ಎತ್ತರದ ಬಯಲು, ದಕ್ಕಿತು.

ಹೊಸದಾಗಿ ಕಡಿದ ಕೋರೆಯ ಗೋಡೆಯೆದುರು ನಿಂತರೆ ಇಡೀ ಕೆಲಸ ಮೇಲಿನಿಂದ ಕೆಳಗೆ ಕಾಣುತ್ತದೆ. ಮೇಲೆ ಕರಿಗೆಂಪು ಗಟ್ಟಿ ಹೊದಿಕೆ. ಅದರ ಕೆಳಗೆ ತೂತು ತೂತಾದ ಕೆಂಪು ಕಲ್ಲು, ತೂತುಗಳಲ್ಲಿ ಹಳದಿ, ಬಿಳಿ ಮೆದುಮಣ್ಣು. ಇನ್ನೂ ಕೆಳಗೆ ಶೇಡಿ ಮಣ್ಣು. ಬೆಳ್ಳಗೆ, ನಸು ನೇರಳೆ, ಕೈಗೆ ಹಿಟ್ಟಿನಂತೆ ಹತ್ತುತ್ತದೆ. ಆ ಶೇಡಿಯ ಮೈಯಲ್ಲಿ ಹಳೆಯ ನೈಸ್ ಬಂಡೆಯ ಪಟ್ಟೆಗಳು ಇದ್ದ ಹಾಗೇ ಉಳಿದಿರುತ್ತವೆ. ಬೆರಳು ಒತ್ತಿದರೆ ಒಳಗೆ ಇಳಿಯುತ್ತದೆ. 300 ಕೋಟಿ ವರ್ಷದ ಬಂಡೆ ತನ್ನ ಗುರುತನ್ನು ಬಿಡದೆ ಮಣ್ಣಾಗಿದೆ. ಆ ಪಟ್ಟೆಯನ್ನು ಮೊದಲ ಸಲ ಕಂಡಾಗ ನಾನು ಚಪ್ಪಲಿ ಬಿಚ್ಚಿದೆ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಗಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮೂಲಕ ಹಾದುಹೋದ. ಅದಕ್ಕೆ ಮುನ್ನ ಮಲಬಾರಿನ ಅಂಗಾಡಿಪುರಂನಲ್ಲಿ ಇದೇ ಕಲ್ಲನ್ನು ನೋಡಿ, ನೆಲದಲ್ಲಿರುವಾಗ ಮೆದುವಾಗಿದ್ದು ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುವ ಅದರ ಗುಣವನ್ನು ಗುರುತಿಸಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಿಂದ ಲ್ಯಾಟರೈಟ್ ಎಂಬ ಹೆಸರು ಲೋಕಕ್ಕೆಲ್ಲ ಹಬ್ಬಿತು. ಹೆಸರು ಅವನು ಕೊಟ್ಟರೂ, ಕಡಿದ ಕಲ್ಲನ್ನು ಬಿಸಿಲಿಗೆ ಆರಲು ಬಿಟ್ಟು ಆಮೇಲೆ ಗೋಡೆಗೆ ಏರಿಸಬೇಕೆಂಬ ವಿವೇಕ ನಮ್ಮ ಕಲ್ಲು ಕಡಿಯುವವರದು, ಅವನಿಗಿಂತ ಎಷ್ಟೋ ಹಿಂದಿನದು. ಮೂಡುಬಿದಿರೆಯ ಸುತ್ತಿನ ಹಳೆಯ ಪಾಗಾರಗಳನ್ನು ನೋಡಿದರೆ ತಿಳಿಯುತ್ತದೆ.

ಈ ಕಲ್ಲಿನ ತೂತುಗಳಲ್ಲೇ ನೀನು ನಮಗೆ ನೀರು ಇಟ್ಟಿದ್ದೀ. ಮಳೆ ಮುರಕಲ್ಲಿನೊಳಗೆ ಇಳಿಯುತ್ತದೆ. ಕೆಳಗಿನ ಶೇಡಿ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಎರಡರ ನಡುವೆ ನೀರು ತಂಗುತ್ತದೆ. ಗುಡ್ಡದ ಮಗ್ಗುಲಿಗೆ ಅಡ್ಡವಾಗಿ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಸುರಂಗ ಕೊರೆದರೆ ಆ ನೀರು ಒಸರಿ, ಪಂಪು ಕರೆಂಟು ಯಾವುದೂ ಇಲ್ಲದೆ ಅಂಗಳಕ್ಕೆ ಬರುತ್ತದೆ. ಬಂಟ್ವಾಳ ತಾಲೂಕಿನ ಮಾಣಿಲದಲ್ಲೂ ಗಡಿಯಾಚೆ ಕಾಸರಗೋಡಿನಲ್ಲೂ ಇಂಥ ಸುರಂಗಗಳನ್ನು ನಂಬಿ ತೋಟ ಮಾಡಿದವರು ಬಹಳ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಹಗಲೆಲ್ಲ ಕೂಲಿ ಮಾಡಿ, ಕತ್ತಲಾದ ಮೇಲೆ ದೀಪ ಹಚ್ಚಿಕೊಂಡು ಒಬ್ಬರೇ ಗುಡ್ಡ ಕೊರೆದರು. ಒಂದರ ಹಿಂದೆ ಒಂದು ಸುರಂಗ ಬರಿದಾಯಿತು. ಬಿಡಲಿಲ್ಲ. ಕಡೆಗೂ ನೀನು ಒಲಿದೆ, ಬೋಳು ಗುಡ್ಡದಲ್ಲಿ ಅಡಿಕೆ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ಮೊದಲಿನ ಆ ಬರಿದಾದ ಸುರಂಗಗಳನ್ನೇ ನಾನು ಹೆಚ್ಚು ನೆನೆಯುತ್ತೇನೆ. ನಿನ್ನನ್ನು ಅವರಷ್ಟು ತಾಳ್ಮೆಯಿಂದ ಕೇಳಿದವರು ಯಾರು?

ಅದೇ ನೀರು ಮಿತಿಮೀರಿದರೆ ಏನಾಗುತ್ತದೆ ಎಂಬುದನ್ನೂ ನೀನು ತೋರಿಸಿದ್ದೀ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಬೆಟ್ಟದ ಮೇಲಿನ ಮಣ್ಣು ನೀರು ಕುಡಿದು ಕುಡಿದು, ತಾನು ಕೂತಿದ್ದ ಬಂಡೆಯ ಮೇಲಿನಿಂದ ಜಾರಿ, ಮರಗಳ ಸಮೇತ ತೋಟಗಳಿಗೆ ಇಳಿಯಿತು. ತೋಡಿಗೆ ತೋಡೇ ದಾರಿ ಬದಲಿಸಿತು. ಅಡಿಕೆ ತೋಟದ ಮೇಲೆ ಮನೆಯಷ್ಟು ದೊಡ್ಡ ಬಂಡೆ ಬಂದು ಕೂತದ್ದನ್ನು ಕಂಡ ಜನರ ದುಃಖ ನಿನಗೆ ಗೊತ್ತಿದೆ, ನಾನು ಹೆಚ್ಚು ಹೇಳುವುದಿಲ್ಲ.

ಬಂಡೆ ಒಡೆದು ಹೊಳೆಗೆ ಬಿದ್ದದ್ದು ಅರೆದು ಅರೆದು ಮರಳಾಗುತ್ತದೆ. ಉಳಿದೆಲ್ಲ ಕರಗಿ ಹೋದರೂ ಬೆಣಚು ಹೋಗುವುದಿಲ್ಲ. ಬಸದಿ ಕಂಬದ ಹರಳುಗಳ ಸಂದಿನಲ್ಲಿ ಆಕಾರ ಸಿಗದೆ ಕೂತಿದ್ದ ಆ ಕೊನೆಯ ಖನಿಜವೇ ಇಲ್ಲಿ ಕೊನೆಯವರೆಗೆ ಬಾಳುತ್ತದೆ. ಬಂಟ್ವಾಳದಲ್ಲಿ ನೇತ್ರಾವತಿಯ ದಂಡೆಯಲ್ಲಿ ಹಿಡಿದ ಮುಷ್ಟಿ ಮರಳಿನಲ್ಲಿ ಹೆಚ್ಚಿನದು ಅದೇ. ಅದು ಸಮುದ್ರ ಸೇರಿ, ಇನ್ನಷ್ಟು ಮರಳಿನ ಅಡಿಯಲ್ಲಿ ಹೂತು, ಕಣ ಕಣ ಬೆಸೆದುಕೊಂಡರೆ ಮರಳುಗಲ್ಲಾಗುತ್ತದೆ. ನಮ್ಮ ಮೂರು ತಾಲೂಕುಗಳಲ್ಲಿ ನೀನು ಆ ಕಲ್ಲು ಇಟ್ಟಿಲ್ಲ. ನೋಡಬೇಕಾದರೆ ಬಾದಾಮಿಗೆ ಹೋಗಬೇಕು. ಇಲ್ಲಿಂದ ಸಾಗುವ ಮರಳನ್ನಾದರೂ ಹೊಳೆಯ ಪಾಲಿಗೆ ಬಿಡುವ ಬುದ್ಧಿ ನಮಗೆ ಬರಲಿ. ಲಾರಿ ಏರಿದ ಮರಳು ಸಮುದ್ರ ಕಾಣುವುದಿಲ್ಲ.

ಕಾರಿಂಜದ ವಿಷಯವನ್ನು ಹೇಳದೆ ಇರಲಾರೆ. ಬಂಟ್ವಾಳ ತಾಲೂಕಿನ ಆ ಬಂಡೆಯ ನೆತ್ತಿಯಲ್ಲಿ ಈಶ್ವರ, ಕೆಳಗೆ ಪಾರ್ವತಿ, ನೈವೇದ್ಯದ ಅನ್ನಕ್ಕೆ ಕಾಯುವ ಮಂಗಗಳು. ಭೀಮ ಗದೆ ಎಸೆದಲ್ಲಿ ಗದಾತೀರ್ಥ, ಮೊಣಕಾಲೂರಿದಲ್ಲಿ ಜಾನುತೀರ್ಥ ಎಂದು ಹಿರಿಯರು ಹೇಳಿದರು. ಬಂಡೆಯ ತಗ್ಗಿನಲ್ಲಿ ನಿಂತ ನೀರು ಫೆಲ್ಡ್‌ಸ್ಪಾರನ್ನು ಕೊರೆದು ಕೊರೆದು ಹೊಂಡ ಹಿಗ್ಗುತ್ತದೆ ಎಂದು ಭೂವಿಜ್ಞಾನ ಹೇಳುತ್ತದೆ. ನನಗೆ ಎರಡರಲ್ಲಿ ಒಂದನ್ನು ಬಿಡುವ ಅಗತ್ಯ ಕಂಡಿಲ್ಲ. ಭೀಮನ ಹೆಸರಿದ್ದುದರಿಂದಲೇ ಆ ನೀರನ್ನು ಇಷ್ಟು ಕಾಲ ಯಾರೂ ಹೊಲಸು ಮಾಡಲಿಲ್ಲ. ಆ ಬೆಟ್ಟದ ಸುತ್ತ ಬಂಡೆ ಸಿಡಿಸುವ ಸದ್ದಿಗೆ ಭಕ್ತರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಭಾರ ಇಳಿದಾಗ ತಾನಾಗಿಯೇ ಬಿರುಕು ಬಿಡುವ ಕಲ್ಲು ಅದು. ಅದುರಿಸಿದರೆ ಆ ಬಿರುಕುಗಳು ಏನಾದಾವು ಎಂದು ಕೇಳಲು ಇಂಜಿನಿಯರೇ ಆಗಬೇಕಿಲ್ಲ.

ಕಲ್ಲು ಮುಟ್ಟಲೇಬೇಡಿ ಎಂದು ನಾನು ಯಾರಿಗೂ ಹೇಳಲಾರೆ. 1604ರಲ್ಲಿ ವೇಣೂರಿನ ತಿಮ್ಮಣ್ಣ ಅಜಿಲರು ಫಲ್ಗುಣಿಯ ದಂಡೆಯಲ್ಲಿ 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದರು. ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈ ಕೆತ್ತಿದ 39 ಅಡಿಯ ಮೂರ್ತಿ ಧರ್ಮಸ್ಥಳಕ್ಕೆ ಬಂದು, 1982ರಲ್ಲಿ ಪ್ರತಿಷ್ಠೆಯಾಯಿತು. ನಿನ್ನಿಂದ ತೆಗೆದುಕೊಂಡದ್ದನ್ನು ಮನುಷ್ಯ ನಿನಗೇ ಒಪ್ಪಿಸಿದ ಸಂದರ್ಭಗಳು ಅವು. ಶಾಲೆಗೂ ಸೇತುವೆಗೂ ಜಲ್ಲಿ ಬೇಕು, ಬಡವನ ಗೋಡೆಗೆ ಮುರಕಲ್ಲು ಬೇಕು. ಆದರೆ ಅಂಗಳಕ್ಕೆಲ್ಲ ಕಾಂಕ್ರೀಟು ಸುರಿದು, ಮಳೆ ನೆಲಕ್ಕೆ ಇಳಿಯದಂತೆ ಮಾಡಲು ಬೆಟ್ಟವೊಂದನ್ನು ಪುಡಿ ಮಾಡಬೇಕೆ? ಇದನ್ನು ನಿನ್ನ ಎದುರಿನಲ್ಲಿ ನಿಂತು ನೇರವಾಗಿ ಕೇಳುತ್ತೇನೆ, ನಮ್ಮವರೂ ಕೇಳಿಸಿಕೊಳ್ಳಲಿ.

ಕಡೆಗೆ ನನ್ನ ಬೇಡಿಕೆಗಳು. ಕ್ರಷರಿನ ಬದಿಯಲ್ಲಿ ದುಡಿಯುವವರನ್ನು ಕಾಯಿ ತಾಯೇ. ಸುಲಭಕ್ಕೆ ಕರಗದ ಆ ಬೆಣಚಿನ ಹುಡಿ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶ ಕಟ್ಟಿಬಿಡುತ್ತದೆ, ಸಿಲಿಕೋಸಿಸ್ ಬಂದರೆ ಗುಣವೆಂಬುದಿಲ್ಲ. ಅವರ ಮೂಗಿಗೆ ಒಳ್ಳೆಯ ಮಾಸ್ಕು, ಹುಡಿಗೆ ನೀರು ಸಿಂಪಡಿಸುವ ವ್ಯವಸ್ಥೆ ಒದಗಿಸುವ ಮನಸ್ಸನ್ನು ಧಣಿಗಳಿಗೆ ಕೊಡು. ದೂರದ ಜಿಲ್ಲೆ, ದೂರದ ರಾಜ್ಯಗಳಿಂದ ಬಂದು ನಮ್ಮ ಬೆಟ್ಟ ಒಡೆಯುವವರಿಗೆ ನಮ್ಮ ಕೆಡ್ಡಸ ಗೊತ್ತಿಲ್ಲ. ಈ ಮೂರು ದಿನ ಜೆಸಿಬಿ, ಕಟ್ಟಿಂಗ್ ಮೆಷಿನು ನಿಲ್ಲಿಸಿ ಅವರಿಗೂ ಕೂಲಿ ಸಹಿತ ರಜೆ ಸಿಗುವಂತೆ ಮಾಡು. ಗಡಾಯಿಕಲ್ಲು ಹತ್ತಲು ಬರುವ ಶಾಲೆಯ ಮಕ್ಕಳಿಗೆ ಟಿಪ್ಪುವಿನ ಜೊತೆಗೆ ಫೆಲ್ಡ್‌ಸ್ಪಾರನ್ನೂ ತೋರಿಸುವ ಒಬ್ಬ ಮೇಷ್ಟರನ್ನು ಕಳಿಸು. ಕಲ್ಲು ತೆಗೆದು ಬಿಟ್ಟುಹೋದ ಕೋರೆಗಳಲ್ಲಿ ಆಳದ ನೀರು ನಿಂತಿದೆ, ಈಜಲು ಇಳಿದ ಹುಡುಗರು ಮನೆಗೆ ಮರಳದೆ ಹೋದದ್ದನ್ನು ನಾವು ಕೇಳಿದ್ದೇವೆ. ಆ ಹೊಂಡಗಳಲ್ಲಿ ಕೆಲವನ್ನು ಮಣ್ಣಿನಿಂದ ಮುಚ್ಚಲಿ, ಕೆಲವನ್ನು ನೀರಿಂಗಿಸಲು ಉಳಿಸಿಕೊಳ್ಳಲಿ, ಉಳಿಸಿಕೊಂಡ ಒಂದೊಂದಕ್ಕೂ ಎದೆಯೆತ್ತರದ ಬೇಲಿ ಬರಲಿ. ಮಳೆಗೆ ಇನ್ನು ನಾಲ್ಕೇ ತಿಂಗಳು ಇದೆ.